ಮಿಸೌರಿ ನದಿಯಲ್ಲಿ ಡ್ರಿಫ್ಟ್ ಬೋಟ್: ಅಪ್ಪ, ಅಮ್ಮ, ಮಗಳು ಎಲ್ಲರನ್ನೂ ಕರೆದುಕೊಂಡು ಹೋಗುವುದು ಹೇಗೆ?

ತುಂಗಾತೀರ · ಜೂನ್ 2

ಎಲ್ಲರಿಗೂ ನಮಸ್ಕಾರ. ನಾನು ಸಿಯಾಟಲ್ ಹತ್ತಿರ ಇರುವುದು. ಮೂರು ವರ್ಷದಿಂದ ಯಾಕಿಮಾ ನದಿಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ಫ್ಲೈ ಫಿಶಿಂಗ್ (ಹುಳುವಿನ ಹಾಗೆ ಕಟ್ಟಿದ ಕೊಕ್ಕೆ, ಅಂದರೆ ಫ್ಲೈ, ಇರುವ ದಾರವನ್ನು ಕೋಲಿನಿಂದ ಬೀಸಿ ಮೀನು ಹಿಡಿಯುವುದು) ಮಾಡುತ್ತಿದ್ದೇನೆ. ಬೋಟ್‌ನಲ್ಲಿ ತೇಲಿಕೊಂಡು ಹೋಗಿ ಮೀನು ಹಿಡಿದದ್ದು ಎರಡೇ ಸಲ. ಎರಡು ಸಲವೂ ಹುಟ್ಟು ಹಾಕಿದವರು ಬೇರೆಯವರು.

ಈಗ ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ತೀರ್ಥಹಳ್ಳಿ ಕಡೆಯವರು ನಾವು. ಅಪ್ಪನಿಗೆ 71. ತುಂಗೆಯ ದಡದಲ್ಲೇ ಬೆಳೆದವರು. ಇಲ್ಲಿ ಅಪಾರ್ಟ್‌ಮೆಂಟ್‌ನಲ್ಲಿ ಕೂತು ಕೂತು ಬೇಜಾರಾಗಿದೆ. "ನೀನು ಶನಿವಾರ ಬಂತು ಅಂದ್ರೆ ಓಡುವ ಆ ಹೊಳೆ ಯಾವುದು, ನನಗೂ ತೋರಿಸು" ಎಂದರು. ಅಲ್ಲಿಂದ ಶುರುವಾಯಿತು ಈ ಯೋಚನೆ.

ಜುಲೈ ಮೂರನೇ ವಾರ ಮೊಂಟಾನಾಕ್ಕೆ ಹೋಗುತ್ತಿದ್ದೇವೆ. ಮಿಸೌರಿ ನದಿಯ ದಡದ ಕ್ರೇಗ್ ಊರಿನಲ್ಲಿ ನಾಲ್ಕು ದಿನ. ನಾವು ಐದು ಜನ: ಅಪ್ಪ, ಅಮ್ಮ, ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು. ಬಾಯ್ಸಿಯಿಂದ ನನ್ನ ಗೆಳೆಯ, ಅವನ ಹೆಂಡತಿ ಬರುತ್ತಾರೆ. ಅವರ ಹತ್ತಿರ ಒಂದು ರಬ್ಬರ್ ರಾಫ್ಟ್ ಇದೆ. ಗೆಳೆಯನಿಗೆ ಹುಟ್ಟು ಹಾಕಿ ಚೆನ್ನಾಗಿ ಅಭ್ಯಾಸ ಇದೆ.

ಕೇಳಬೇಕಾದ್ದು ಬಹಳ ಇದೆ. ಗೈಡ್ ಇಟ್ಟುಕೊಳ್ಳಬೇಕಾ ಅಥವಾ ಡ್ರಿಫ್ಟ್ ಬೋಟ್ (ಸೆಳವಿನ ಜೊತೆ ತೇಲುವ, ಹುಟ್ಟು ಹಾಕಿ ನಡೆಸುವ ದೋಣಿ) ಬಾಡಿಗೆಗೆ ತೆಗೆದುಕೊಂಡು ನಾವೇ ಇಳಿಯಬಹುದಾ? ಅಪ್ಪನ ಮಂಡಿ ಅಷ್ಟು ಗಟ್ಟಿ ಇಲ್ಲ, ಬೋಟ್ ಹತ್ತಿ ಇಳಿಯುವುದು ಕಷ್ಟ ಆಗುತ್ತಾ? ಮಗಳಿಗೆ ಇಡೀ ದಿನ ಬೋಟ್‌ನಲ್ಲಿ ಕೂರುವ ತಾಳ್ಮೆ ಇರುತ್ತಾ? ಇನ್ನೊಂದು ವಿಷಯ. ಮೀನಿನ ಬಾಯಿಗೆ ಗಾಳ ಚುಚ್ಚುವುದೇ ಅಮ್ಮನಿಗೆ ಇಷ್ಟ ಇಲ್ಲ. ಬರುತ್ತೇನೆ ಎಂದಿದ್ದಾರೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಕುಟುಂಬದ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ.

ಹುಟ್ಟುಗೋಲು · ಜೂನ್ 2

ತುಂಗಾತೀರ ಅವರೇ, ನಾನು ಹೆಲೆನಾದಲ್ಲಿ ಇರುವುದು. ಕ್ರೇಗ್ ನಮ್ಮಿಂದ ಉತ್ತರಕ್ಕೆ 45 ಮೈಲಿ, ಹೆದ್ದಾರಿ 15ರ ಪಕ್ಕದಲ್ಲೇ. ಆ ನೀರಿನಲ್ಲಿ ನನ್ನ ಮಕ್ಕಳನ್ನೂ ಅತ್ತೆ ಮಾವನನ್ನೂ ಕೂರಿಸಿಕೊಂಡು ಎಷ್ಟೋ ಸಲ ಹೋಗಿದ್ದೇನೆ.

ಮೊದಲು ನದಿ ಬಗ್ಗೆ ಹೇಳುತ್ತೇನೆ. ಕುಟುಂಬಕ್ಕೆ ಆ ಭಾಗ ಒಗ್ಗುವುದಕ್ಕೆ ಕಾರಣ ಹೋಲ್ಟರ್ ಅಣೆಕಟ್ಟು. 1918ರಲ್ಲಿ ಕಟ್ಟಿದ್ದು. ಅಲ್ಲಿಂದ ನೀರು ಒಂದೇ ಹದದಲ್ಲಿ ಬರುತ್ತದೆ, ಬೇಸಿಗೆಯಲ್ಲೂ ತಣ್ಣಗೆ ಇರುತ್ತದೆ. ಬೆಳಿಗ್ಗೆ ಇದ್ದ ಹೊಳೆ ಮಧ್ಯಾಹ್ನ ಬೇರೆಯಾಗಿ ಹೆದರಿಸುವುದಿಲ್ಲ. ಹರಿವನ್ನು ಕ್ಯೂಸೆಕ್ ಲೆಕ್ಕದಲ್ಲಿ ನೆಟ್‌ನಲ್ಲಿ ನೋಡಬಹುದು, ಕೆಆರ್‌ಎಸ್ ಸುದ್ದಿಯಲ್ಲಿ ಬರುವ ಅದೇ ಕ್ಯೂಸೆಕ್. ಅಣೆಕಟ್ಟಿನಿಂದ ಕ್ರೇಗ್ ತನಕ ಎಂಟೊಂಬತ್ತು ಮೈಲಿ. ನಡುವೆ ವುಲ್ಫ್ ಕ್ರೀಕ್ ಸೇತುವೆ ಹತ್ತಿರ ಬೋಟ್ ಇಳಿಸುವ ಜಾಗ ಇದೆ. ನಿಮ್ಮ ಮಗಳಿಗೆ, ಅಪ್ಪನಿಗೆ, ಆ ಸೇತುವೆಯಿಂದ ಕ್ರೇಗ್ ತನಕ ಸಾಕು. ಅದಕ್ಕಿಂತ ಜಾಸ್ತಿ ಬೇಡ. ಮೊದಲ ಸಲ ಹೋಗುವವರು ಎಲ್ಲರೂ ಮಾಡುವ ತಪ್ಪು ಒಂದೇ, ಬಹಳ ದೂರ ಇಟ್ಟುಕೊಳ್ಳುವುದು.

ಗೈಡ್ ಬಗ್ಗೆ. ಇಲ್ಲಿ ಲೆಕ್ಕ ತಲೆಗೆ ಅಲ್ಲ, ಬೋಟ್‌ಗೆ. ಒಂದು ಬೋಟ್‌ನಲ್ಲಿ ಗಾಳ ಹಾಕುವವರು ಇಬ್ಬರು, ಒಬ್ಬರು ಮುಂದೆ ಒಬ್ಬರು ಹಿಂದೆ, ನಡುವೆ ಹುಟ್ಟು ಹಾಕುವ ಗೈಡ್. ನನ್ನ ಸಲಹೆ: ಮೊದಲ ದಿನ ನೀವೂ ಅಪ್ಪನೂ ಗೈಡ್ ಜೊತೆ ಹೋಗಿ. ಮೀನಿಗಿಂತ ಜಾಸ್ತಿ ಗೈಡ್‌ನ ಕೈ ನೋಡಿ. ಮಾರನೇ ದಿನ ಅದೇ ದಾರಿಯಲ್ಲಿ ನೀವೇ ಇಳಿಯಿರಿ, ಗೆಳೆಯನ ರಾಫ್ಟ್ ಮುಂದೆ ಇರಲಿ.

ಹುಟ್ಟು ಹಾಕುವ ರೀತಿ ಮಾತ್ರ ಈಗಲೇ ತಲೆಗೆ ಹಾಕಿಕೊಳ್ಳಿ. ಡ್ರಿಫ್ಟ್ ಬೋಟ್‌ನಲ್ಲಿ ನೀವು ನದಿ ಹರಿಯುವ ಕಡೆಗೇ ಮುಖ ಮಾಡಿ ಕೂರುತ್ತೀರಿ. ಹುಟ್ಟು ಎಳೆದರೆ ಬೋಟ್ ಹಿಂದಕ್ಕೆ, ನೀರು ಬರುವ ಕಡೆಗೆ ಹೋಗಲು ನೋಡುತ್ತದೆ. ಅದರಿಂದ ಬೋಟ್‌ನ ಓಟ ತಗ್ಗುತ್ತದೆ. ಎದುರಿಗೆ ಬಂಡೆಯೋ ಬಿದ್ದ ಮರವೋ ಕಂಡರೆ ಬೋಟ್‌ನ ಮೂತಿಯನ್ನು ಅದರ ಕಡೆಗೇ ತಿರುಗಿಸಿ ಹಿಂದಕ್ಕೆ ಎಳೆಯಿರಿ. ಬೋಟ್ ಓರೆಯಾಗಿ ನಿಂತರೆ ಸೆಳವೇ ಅದನ್ನು ಪಕ್ಕಕ್ಕೆ ದೂಡಿಕೊಂಡು ಹೋಗುತ್ತದೆ. ಕಾರ್ ಓಡಿಸಿ ಅಭ್ಯಾಸ ಆದವರಿಗೆ ಇದು ಉಲ್ಟಾ. ಅಪಾಯ ಕಂಡ ತಕ್ಷಣ ಮೂತಿಯನ್ನು ಆಚೆ ತಿರುಗಿಸುತ್ತಾರೆ, ಬೋಟ್ ಹೊಟ್ಟೆ ಕೊಟ್ಟು ಬಂಡೆಗೆ ಬಡಿಯುತ್ತದೆ.

ಇನ್ನು ಗಾಳಿ. ಮಧ್ಯಾಹ್ನ ಆದರೆ ಆ ಕಣಿವೆಯಲ್ಲಿ ಕೆಳಗಿನಿಂದ ಗಾಳಿ ಎದ್ದು ಬರುವುದುಂಟು. ಡ್ರಿಫ್ಟ್ ಬೋಟ್‌ನ ಮೂತಿ ಎತ್ತರ, ಗಾಳಿ ಅದನ್ನು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಏಳಕ್ಕೆ ನೀರಿನಲ್ಲಿ ಇರಿ, ಒಂದು ಗಂಟೆಗೆ ಮೇಲೆ ಬನ್ನಿ.

ಒರೆಗಾನ್ ಕಾಡು · ಜೂನ್ 3

ಹುಟ್ಟುಗೋಲು ಅವರು ಹೇಳಿದ್ದಕ್ಕೆ ಒಂದು ಕಡೆ ನನ್ನ ತಕರಾರು ಇದೆ. ಹೊಸಬರಿಗೆ ಡ್ರಿಫ್ಟ್ ಬೋಟ್ ಯಾಕೆ? ಇಬ್ಬರೂ ರಾಫ್ಟ್‌ನಲ್ಲೇ ಹೋಗಲಿ. ಕಲ್ಲಿಗೆ ಬಡಿದರೆ ರಾಫ್ಟ್ ಪುಟಿಯುತ್ತದೆ, ಫೈಬರ್ ಬೋಟ್ ಒಡೆಯುತ್ತದೆ. ನಾನು ಪೋರ್ಟ್‌ಲ್ಯಾಂಡ್‌ನಲ್ಲಿ ಇದ್ದೇನೆ. ಈ ಡ್ರಿಫ್ಟ್ ಬೋಟ್ ಹುಟ್ಟಿದ್ದೇ ನಮ್ಮ ಮೆಕೆಂಜಿ ನದಿಯಲ್ಲಿ. ಚಪ್ಪಟೆ ತಳ, ಎರಡೂ ತುದಿ ಮೇಲಕ್ಕೆ ಬಾಗಿದ ಆಕಾರ, ಇದೆಲ್ಲ ಆ ಕಲ್ಲುಗುಂಡಿನ ನೀರಿಗಾಗಿ ಕಟ್ಟಿದವರು ಕಂಡುಕೊಂಡದ್ದು. ನನಗೆ ಆ ಬೋಟ್ ಮೇಲೆ ಬಹಳ ಪ್ರೀತಿ. ಆದರೂ ಹೇಳುತ್ತೇನೆ, ಮಗು ಇದ್ದರೆ ರಾಫ್ಟ್.

ಯಾವ ನದಿಗೆ ಹೋದರೂ ಅಲ್ಲಿನ ನಿಯಮ ಓದಿಕೊಂಡೇ ಹೋಗಿ. ನಮ್ಮ ಡೆಷೂಟ್ಸ್‌ನಲ್ಲಿ ಬೋಟ್‌ನಲ್ಲಿ ಕೂತು ಗಾಳ ಹಾಕುವಂತೆಯೇ ಇಲ್ಲ. ತೇಲಿಕೊಂಡು ಹೋಗಬೇಕು, ದಡಕ್ಕೆ ಕಟ್ಟಬೇಕು, ಇಳಿದು ನಿಂತೇ ಮೀನು ಹಿಡಿಯಬೇಕು. ಮೊದಲ ಸಲ ನಮ್ಮ ಭಾವನನ್ನು ಕರೆದುಕೊಂಡು ಹೋದಾಗ ಇದು ಗೊತ್ತಾಗಿ ಅವರ ಮುಖ ಸಣ್ಣದಾಯಿತು.

ಹುಟ್ಟುಗೋಲು · ಜೂನ್ 3

ರಾಫ್ಟ್ ವಾದ ಮೆಕೆಂಜಿಗೆ ಸರಿ. ಮಿಸೌರಿಯ ಈ ಭಾಗದಲ್ಲಿ ಅಷ್ಟು ಕಲ್ಲಿಲ್ಲ, ನೀರು ಅಗಲವಾಗಿ ಹರಿಯುತ್ತದೆ. ಇಲ್ಲಿ ನಾನು ಅವರ ಅಪ್ಪನ ಮಂಡಿ ನೋಡುತ್ತಿದ್ದೇನೆ. ಡ್ರಿಫ್ಟ್ ಬೋಟ್‌ನಲ್ಲಿ ಗಟ್ಟಿ ನೆಲ ಇರುತ್ತದೆ, ಕುರ್ಚಿ ಇರುತ್ತದೆ, ನಿಂತಾಗ ತೊಡೆ ಒರಗಿಸಲು ಅಡ್ಡಪಟ್ಟಿ ಇರುತ್ತದೆ. ರಾಫ್ಟ್‌ನ ಉಬ್ಬಿದ ಅಂಚನ್ನು ದಾಟಿ ಹತ್ತುವುದು ವಯಸ್ಸಾದವರಿಗೆ ಕಷ್ಟ. ಮಗು ರಾಫ್ಟ್‌ನಲ್ಲಿ, ಅಪ್ಪ ಬೋಟ್‌ನಲ್ಲಿ, ಹೀಗೆ ಮಾಡಿದರೆ ಇಬ್ಬರ ಮಾತೂ ಉಳಿಯುತ್ತದೆ ಅಲ್ವಾ.

ಮಲೆನಾಡ ಹುಡುಗಿ · ಜೂನ್ 4

ಗಂಡಸರು ಯಾರೂ ಬರೆಯದ್ದನ್ನು ನಾನು ಬರೆಯುತ್ತೇನೆ. ತುಂಗಾತೀರ ಅವರೇ, ಇದನ್ನು ನಿಮ್ಮ ಹೆಂಡತಿಗೂ ಅಮ್ಮನಿಗೂ ಓದಿ ಹೇಳಿ.

ಮೊದಲನೆಯದು ಟಾಯ್ಲೆಟ್. ಬೋಟ್ ಹತ್ತುವ ಇಳಿಯುವ ಜಾಗಗಳಲ್ಲಿ ಸರಕಾರದ ಕಕ್ಕಸು ಇರುತ್ತದೆ, ನಡುವೆ ಎಲ್ಲ ಕಡೆ ಇರುವುದಿಲ್ಲ. ಎಷ್ಟೋ ಹೆಂಗಸರು ಇದೇ ಚಿಂತೆಯಿಂದ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಆ ಬಿಸಿಲಿನಲ್ಲಿ ಮಧ್ಯಾಹ್ನಕ್ಕೆ ತಲೆನೋವು, ಸುಸ್ತು, ದಿನವೇ ಹಾಳು. ನನ್ನ ಅತ್ತೆಗೆ ಹೀಗೇ ಆಯಿತು. ಮ್ಯಾಪ್ ನೋಡಿ ಯಾವ ಜಾಗದಲ್ಲಿ ನಿಲ್ಲುತ್ತೇವೆ ಎಂದು ಮನೆಯಲ್ಲೇ ತೀರ್ಮಾನ ಮಾಡಿ, ಅಮ್ಮನಿಗೆ ಮೊದಲೇ ಹೇಳಿ. ಹೇಳಿದರೆ ಅರ್ಧ ಚಿಂತೆ ಹೋಗುತ್ತದೆ. ಮೊಂಟಾನಾದಲ್ಲಿ 1985ರ ಕಾನೂನಿದೆ, ನೀರು ತುಂಬಿ ಹರಿಯುವ ಗುರುತಿನ ಒಳಗೆ ಯಾರು ಬೇಕಾದರೂ ದಡದಲ್ಲಿ ಇಳಿದು ನಡೆಯಬಹುದು. ಅದರ ಮೇಲಿನ ಜಮೀನು ಖಾಸಗಿಯಾದರೆ ಅಲ್ಲಿ ಕಾಲಿಡಬೇಡಿ. ಇಳಿದಾಗ ಹುಲ್ಲು ನೋಡಿ ಕಾಲಿಡಿ, ಬುಡುಬುಡು ಸದ್ದು ಮಾಡುವ ರ‍್ಯಾಟಲ್ ಹಾವು ಆ ಕಡೆ ಇದೆ.

ಎರಡನೆಯದು ಕಣ್ಣು. ಬೋಟ್‌ನಲ್ಲಿ ಇರುವ ಪ್ರತಿಯೊಬ್ಬರೂ ಕನ್ನಡಕ ಹಾಕಲೇಬೇಕು, ಗಾಳ ಹಿಡಿಯದವರೂ. ಬೀಸುವಾಗ ಕೊಕ್ಕೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅಗಲ ಅಂಚಿನ ಟೋಪಿ ಇರಲಿ, ಕಿವಿ ಮುಚ್ಚುತ್ತದೆ. ಮುಳ್ಳಿಲ್ಲದ ಕೊಕ್ಕೆಯನ್ನೇ ಬಳಸಿ, ಅಥವಾ ಇಕ್ಕಳದಿಂದ ಕೊಕ್ಕೆಯ ಮುಳ್ಳನ್ನು ಒತ್ತಿ ಮಡಿಸಿ. ಮೀನಿಗೂ ಒಳ್ಳೆಯದು, ನಿಮ್ಮ ಮಗಳ ಜಡೆಗೂ ಒಳ್ಳೆಯದು.

ಲೈಫ್ ಜಾಕೆಟ್: 12 ವರ್ಷದೊಳಗಿನ ಮಕ್ಕಳು ಬೋಟ್ ಹೋಗುತ್ತಿರುವಾಗ ಹಾಕಿಕೊಂಡೇ ಇರಬೇಕು, ಅದು ಕಾನೂನು. ನಾನು ಹೇಳುವುದು, ಅಜ್ಜ ಅಜ್ಜಿಗೂ ಹಾಕಿಸಿ. ಅಜ್ಜ ಹಾಕಿದರೆ ಮೊಮ್ಮಗಳು ಹಟ ಮಾಡುವುದಿಲ್ಲ.

ಊಟಕ್ಕೆ ಮೊಸರನ್ನ ತೆಗೆದುಕೊಂಡು ಹೋಗಿ, ಐಸ್ ಪೆಟ್ಟಿಗೆಯಲ್ಲಿ ಚೆನ್ನಾಗಿ ಇರುತ್ತದೆ. ಜೊತೆಗೆ ಚಪಾತಿಯಲ್ಲಿ ಪಲ್ಯ ಸುತ್ತಿ ಒಂದೊಂದೇ ಕಟ್ಟಿ, ಒಂದು ಕೈಯಲ್ಲಿ ತಿನ್ನಬಹುದು. ಚಿತ್ರಾನ್ನ ಬೇಡ. ಗಾಳಿಗೆ ಕಡಲೆಬೇಳೆ ಎಲ್ಲ ಬೋಟ್ ತುಂಬ ಹಾರಿ, ಫ್ಲೈ ಲೈನ್‌ಗೆ ಎಣ್ಣೆ ಅಂಟಿ, ಒರೆಸಿ ಒರೆಸಿ ಸಾಕಾಯಿತು ನಮಗೆ.

ನೇರಳೆ ಮರ · ಜೂನ್ 5

ಎಲ್ಲರೂ ಬೋಟ್ ಬಗ್ಗೆ ಹೇಳುತ್ತಿದ್ದೀರಿ. ಅವರ ಅಮ್ಮನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಮಾಂಸ ತಿನ್ನುವವನೇ, ಮೀನೂ ತಿನ್ನುತ್ತೇನೆ. ಹಸಿವಿಗೆ ಹಿಡಿದರೆ ನನಗೆ ಅರ್ಥ ಆಗುತ್ತದೆ. ಹಿಡಿದು, ಫೋಟೋ ತೆಗೆದು, ಮತ್ತೆ ನೀರಿಗೆ ಬಿಡುವುದು ಯಾಕೆ? ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದವರಿಗೆ ಆ ಮೀನುಗಳ ಬಾಯಿ ಎಷ್ಟು ಮೆತ್ತಗೆ ಕೈಗೆ ತಾಗುತ್ತದೆ ಎಂದು ಗೊತ್ತು. ಅದೇ ಬಾಯಿಗೆ ಕೊಕ್ಕೆ ಹಾಕಿ ಖುಷಿ ಪಡುವುದು ನನಗೆ ಸರಿ ಕಾಣುವುದಿಲ್ಲ. ಜಗಳಕ್ಕೆ ಹೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಕಾವೇರಿ ದಂಡೆ · ಜೂನ್ 6

ನೇರಳೆ ಮರ ಅವರ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ನಾನು ಕನಕಪುರದ ಕಡೆಯವನು. ಭೀಮೇಶ್ವರಿ, ಗಾಳಿಬೋರೆ ಕ್ಯಾಂಪ್‌ಗಳಿಗೆ ಬಿಳಿಮೀನು ಹಿಡಿಯಲು ಹೊರದೇಶದವರು ಬರುತ್ತಿದ್ದ ಕಾಲವನ್ನು ಕಣ್ಣಾರೆ ಕಂಡವನು. ಬಿಳಿಮೀನು ಎಂದರೆ ಮಹಶೀರ್. ರಾಗಿ ಹಿಟ್ಟು ಬೇಯಿಸಿ ನಿಂಬೆ ಗಾತ್ರದ ಉಂಡೆ ಕಟ್ಟಿ ಗಾಳಕ್ಕೆ ಹಾಕುತ್ತಿದ್ದರು. ಮೀನು ಸಿಕ್ಕಿ ಸೆಳವಿನಲ್ಲಿ ಕೆಳಗೆ ಓಡಿದರೆ ಎಲ್ಲರೂ ಹರಿಗೋಲಿಗೆ ಹಾರಿ ಅದರ ಹಿಂದೆಯೇ ಹೋಗಬೇಕು. ಅದೂ ಒಂದು ರೀತಿ ತೇಲಿಕೊಂಡು ಮೀನು ಹಿಡಿಯುವುದೇ. ಕೊನೆಗೆ ದಡಕ್ಕೆ ತಂದು, ತೂಕ ನೋಡಿ, ನೀರಿನಲ್ಲೇ ಹಿಡಿದುಕೊಂಡು ಅದು ಉಸಿರು ತಿರುಗಿಸಿಕೊಳ್ಳುವ ತನಕ ಕಾದು ಬಿಡುತ್ತಿದ್ದರು.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್‌ನ ಮಹಶೀರ್ ಹಿಡಿದರು. ಸುಮಾರು 54 ಕಿಲೋ. ಅಂಥ ಮೀನಿದ್ದ ನದಿ ನಮ್ಮದು. ಆಮೇಲೆ ಏನಾಯಿತು? ತೋಟಾ ಹಾಕಿ ಸಿಡಿಸಿ ಮೀನು ಹಿಡಿದರು. ಒಂದು ತೋಟಾಕ್ಕೆ ಇಡೀ ಮಡುವಿನ ಮೀನು, ಮರಿ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. 1972ರಲ್ಲಿ ಶುರುವಾದ ದಕ್ಷಿಣ ಭಾರತದ ವನ್ಯಜೀವಿ ಸಂಘದವರು ನದಿಯ ಒಂದು ಭಾಗ ಗುತ್ತಿಗೆ ಹಿಡಿದು ಕಾವಲು ಇಟ್ಟರು. ಅದಕ್ಕೆ ದುಡ್ಡು ಬರುತ್ತಿದ್ದದ್ದು ಈ ಹಿಡಿದು ಬಿಡುವವರಿಂದ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹುಡುಗರೇ ಕಾವಲಿಗೆ, ಹರಿಗೋಲು ನಡೆಸಲು ಸೇರಿದರು.

ಆ ಜಾಗ ಅಭಯಾರಣ್ಯದ ಒಳಗಿದೆ ಎಂದು 2010ರ ನಂತರ ಅಲ್ಲಿ ಗಾಳ ಹಾಕುವುದು ನಿಂತಿತು. ಕಾನೂನು ಕಾನೂನೇ, ಅದನ್ನು ನಾನು ಪ್ರಶ್ನಿಸುವುದಿಲ್ಲ. 2018ರಲ್ಲಿ ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಜಗತ್ತಿನಲ್ಲೇ ಅಳಿವಿನ ಅಂಚಿನಲ್ಲಿರುವ ಮೀನುಗಳ ಪಟ್ಟಿ ಸೇರಿತು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಾಗಾಗಿ ನೇರಳೆ ಮರ ಅವರೇ, ಮೀನಿಗೆ ನೋವಾಗುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ನದಿಯ ಪಕ್ಕ ಯಾರೂ ಇಲ್ಲದಾಗ ಆ ಮೀನನ್ನು ಕೇಳುವವರೂ ಇರಲಿಲ್ಲ, ಅದನ್ನು ನಾನು ನೋಡಿದ್ದೇನೆ. ತುಂಗಾತೀರ ಅವರ ತಾಯಿಗೆ ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಅವರು ಬೋಟ್‌ನಲ್ಲಿ ಇರಲಿ, ಅವರ ಮಾತು ನಿಮ್ಮ ಕೈಯನ್ನು ಸ್ವಲ್ಪ ಹಿಡಿದರೆ ಒಳ್ಳೆಯದೇ.

ಹುಟ್ಟುಗೋಲು · ಜೂನ್ 6

ಕಾವೇರಿ ದಂಡೆ ಅವರ ಮಾತಿಗೆ ಇಲ್ಲಿಯ ಒಂದು ವಿಷಯ ಸೇರಿಸುತ್ತೇನೆ. ಮೊಂಟಾನಾದಲ್ಲಿ 1974ರಲ್ಲಿ ನದಿಗಳಿಗೆ ಸಾಕಿದ ಟ್ರೌಟ್ ಮೀನಿನ ಮರಿ ಬಿಡುವುದನ್ನೇ ನಿಲ್ಲಿಸಿದರು. ಮರಿ ಬಿಟ್ಟಷ್ಟೂ ಅಲ್ಲೇ ಹುಟ್ಟಿದ ಮೀನು ಕಮ್ಮಿಯಾಗುತ್ತಿತ್ತು ಎಂದು ಮ್ಯಾಡಿಸನ್ ನದಿಯಲ್ಲಿ ಎಣಿಸಿ ಕಂಡುಕೊಂಡರು. ಅಂದರೆ ನೀವು ಹಿಡಿಯುವ ಮೀನು ಸತ್ತರೆ ಅದರ ಜಾಗಕ್ಕೆ ಲಾರಿಯಲ್ಲಿ ಇನ್ನೊಂದು ಬರುವುದಿಲ್ಲ. ಅದಕ್ಕೇ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಬಲೆಯಲ್ಲಿ, ನೀರಿನ ಒಳಗೇ ಇಟ್ಟು ಕೊಕ್ಕೆ ಬಿಡಿಸಿ. ಬೋಟ್‌ನ ನೆಲಕ್ಕೆ ಹಾಕಲೇಬೇಡಿ. ನೀರು 73 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮೂರು ದಿನ ಹಾಗೇ ಇದ್ದರೆ ಮಧ್ಯಾಹ್ನ 2ರಿಂದ ಮಧ್ಯರಾತ್ರಿ ತನಕ ಮೀನು ಹಿಡಿಯುವುದನ್ನು ನಿಲ್ಲಿಸುತ್ತಾರೆ. ಬಿಸಿ ನೀರಿನಲ್ಲಿ ದಣಿದ ಟ್ರೌಟ್ ಬದುಕುವುದು ಕಷ್ಟ. ಹೊರಡುವ ಮುಂಚೆ ಇದನ್ನೂ ನೋಡಿಕೊಳ್ಳಿ.

ತುಂಗಾತೀರ · ಜೂನ್ 8

ಎಲ್ಲರಿಗೂ ಧನ್ಯವಾದ. ಕಾವೇರಿ ದಂಡೆ ಅವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. "ತೋಟಾ ನಮ್ಮ ಹೊಳೆಯಲ್ಲೂ ಹಾಕ್ತಿದ್ರು" ಎಂದರು, ಅಷ್ಟೇ.

ಗೈಡ್ ಒಂದು ದಿನಕ್ಕೆ ಗೊತ್ತು ಮಾಡಿದ್ದೇನೆ. ಇನ್ನೊಂದು ಪ್ರಶ್ನೆ. ಮಗಳಿಗೆ ಬೀಸುವುದನ್ನು ಹೇಗೆ ಕಲಿಸುವುದು? ಪಾರ್ಕ್‌ನಲ್ಲಿ ಹುಲ್ಲಿನ ಮೇಲೆ ಮೂರು ದಿನ ಪ್ರಯತ್ನ ಮಾಡಿದೆವು. ಕೋಲು ಒಂಬತ್ತು ಅಡಿ, ಅವಳು ನಾಲ್ಕೂವರೆ ಅಡಿ. ಅಳುವುದೊಂದು ಬಾಕಿ.

ಹುಟ್ಟುಗೋಲು · ಜೂನ್ 8

ಪಾರ್ಕ್ ಸಾಕು ಮಾಡಿ, ಅವಳಿಗೆ ಬೇಜಾರಾದರೆ ನದಿಗೂ ಬರುವುದಿಲ್ಲ. ಬೋಟ್‌ನಲ್ಲಿ ಮಕ್ಕಳು ಬೀಸಬೇಕಾಗಿಯೇ ಇಲ್ಲ. ದಾರ ಬೋಟ್‌ನ ಹಿಂದೆ ನೀರಿನ ಮೇಲೆ ನೆಟ್ಟಗೆ ಚಾಚಿಕೊಳ್ಳಲಿ. ನೀರೇ ಅದನ್ನು ಬಿಗಿ ಹಿಡಿದಿರುತ್ತದೆ. ಆಗ ಕೋಲನ್ನು ಒಂದೇ ಸಲ ಮುಂದಕ್ಕೆ ಎತ್ತಿ ಹಾಕಿದರೆ ಆಯಿತು, ದಾರ ತಾನಾಗಿ ಬೋಟ್‌ನ ಪಕ್ಕಕ್ಕೆ ಹೋಗಿ ಬೀಳುತ್ತದೆ. ಎರಡು ಕೈಯಲ್ಲಿ ಹಿಡಿದುಕೊಳ್ಳಲಿ.

ದಾರಕ್ಕೆ ಒಂದು ಬಣ್ಣದ ತೇಲುಬುಗ್ಗೆ ಕಟ್ಟಿ, ಅದರ ಕೆಳಗೆ ನೀರೊಳಗಿನ ಹುಳುವಿನ ಆಕಾರದ ಫ್ಲೈ. ಬೋಟ್‌ನ ದೊಡ್ಡ ಅನುಕೂಲ ಇಲ್ಲೇ ಇರುವುದು. ದಡದಲ್ಲಿ ನಿಂತವರ ಫ್ಲೈ ಹತ್ತು ಅಡಿ ಹೋಗುವುದರಲ್ಲಿ ದಾರ ಜಗ್ಗುತ್ತದೆ, ನಿಜವಾದ ಹುಳು ಹಾಗೆ ಓಡುವುದಿಲ್ಲ ಎಂದು ಮೀನಿಗೆ ಗೊತ್ತು. ಬೋಟ್ ನೀರಿನ ಜೊತೆಗೇ ಹೋಗುವುದರಿಂದ ಫ್ಲೈ ಕೂಡ ನೀರಿನ ಜೊತೆಗೇ ಹೋಗುತ್ತದೆ, ಇಡೀ ಫುಟ್‌ಬಾಲ್ ಮೈದಾನದಷ್ಟು ದೂರ. ಮಗುವಿನ ಕೆಲಸ ಬುಗ್ಗೆ ನೋಡುವುದು ಅಷ್ಟೇ. ಬುಗ್ಗೆ ಮುಳುಗಿದರೆ ಕೋಲು ಮೇಲೆ. ಗಾಳ ಹಾಕಿ ಬೆಂಡು ನೋಡುವುದು ನಿಮ್ಮಪ್ಪನಿಗೆ ಹೇಳಿಕೊಡಬೇಕಾ? ಅವರನ್ನು ಅವಳ ಪಕ್ಕ ಕೂರಿಸಿ.

ಒರೆಗಾನ್ ಕಾಡು · ಜೂನ್ 9

ಲಂಗರು ಬಗ್ಗೆ ಒಂದು ಮಾತು. ನಾಲ್ಕು ವರ್ಷದ ಹಿಂದೆ ನಾವು ಒಂದು ಕಡೆ ಬೋಟ್ ಬಾಡಿಗೆಗೆ ತೆಗೆದುಕೊಂಡಿದ್ದೆವು. ಲಂಗರಿನ ಹಗ್ಗ ಹಳೆಯದು, ನೆಂದು ದಪ್ಪ ಆಗಿತ್ತು. ಜೋರು ಸೆಳವಿನಲ್ಲಿ ಲಂಗರು ಆಕಸ್ಮಿಕವಾಗಿ ಬಿತ್ತು. ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತು, ಎಳೆದರೂ ಬರಲಿಲ್ಲ, ಬಿಟ್ಟರೂ ಹೋಗಲಿಲ್ಲ. ಲಂಗರು ಇರುವುದು ಬೋಟ್‌ನ ಹಿಂತುದಿಯಲ್ಲಿ. ನೋಡ ನೋಡುತ್ತಾ ಹಿಂಭಾಗ ಕುಸಿದು ನೀರು ಒಳಗೆ ಸುರಿಯತೊಡಗಿತು. ನನ್ನ ತಮ್ಮನ ಜೇಬಿನಲ್ಲಿ ಚಾಕು ಇತ್ತು, ಹಗ್ಗ ಕತ್ತರಿಸಿದ. ಅದಿಲ್ಲದಿದ್ದರೆ ಏನಾಗುತ್ತಿತ್ತೋ ಯೋಚಿಸಲೂ ಇಷ್ಟ ಇಲ್ಲ.

ಬೋಟ್ ಕೈಗೆ ಬಂದ ತಕ್ಷಣ ದಡದಲ್ಲೇ ಲಂಗರು ನಾಲ್ಕು ಸಲ ಇಳಿಸಿ ಎತ್ತಿ ನೋಡಿ. ಹಗ್ಗದ ತುದಿಗೆ ಗಂಟು ಇರಬಾರದು. ಹುಟ್ಟು ಹಾಕುವವರ ಕೈಗೆ ಎಟಕುವ ಹಾಗೆ ಚಾಕು ಇರಲಿ. ಓಡುವ ನೀರಿನಲ್ಲಿ ಲಂಗರು ಮುಟ್ಟಲೇಬೇಡಿ, ನಿಂತ ನೀರಿಗೆ ಬಂದ ಮೇಲೆ ಹಾಕಿ.

ತುಂಗಾತೀರ · ಜುಲೈ 27

ಹೋಗಿ ಬಂದೆವು. ಹೇಳುವುದು ಬಹಳ ಇದೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲ ದಿನ ಗೈಡ್ ಜೊತೆ ನಾನು, ಅಪ್ಪ. ಒಳ್ಳೆಯ ಮನುಷ್ಯ. ಅಪ್ಪನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಒಂದು ಗಂಟೆ ಗಾಳದ ಮಾತೇ ಎತ್ತದೆ ನದಿ ತೋರಿಸಿದರು. ಹತ್ತೂವರೆ ಹೊತ್ತಿಗೆ ತಿಳಿ ಹಳದಿ ಬಣ್ಣದ ಸಣ್ಣ ಹುಳುಗಳು ನೀರಿನಿಂದ ಎದ್ದು ಬರತೊಡಗಿದವು. ರೆಕ್ಕೆ ಎತ್ತಿ ನಿಲ್ಲಿಸಿಕೊಂಡು, ಪುಟ್ಟ ದೋಣಿಯ ಪಟದ ಹಾಗೆ ತೇಲಿಕೊಂಡು ಹೋಗುತ್ತವೆ. ದಡದ ಹತ್ತಿರ ಒಂದೊಂದೇ ಮೂತಿ ಮೇಲೆ ಬಂದು ಅದನ್ನು ಹೀರಿಕೊಳ್ಳುತ್ತದೆ. ಸದ್ದೇ ಇಲ್ಲ, ಒಂದು ಬಳೆ ಗಾತ್ರದ ಉಂಗುರ ಮಾತ್ರ. ಅಪ್ಪ ಅದನ್ನು ನನಗಿಂತ ಮೊದಲೇ ಗುರುತಿಸುತ್ತಿದ್ದರು. "ಅಲ್ಲಿ, ಕಲ್ಲಿನ ನೆರಳಲ್ಲಿ" ಎನ್ನುತ್ತಿದ್ದರು. ಅವತ್ತು ಅವರಿಗೆ ಒಂದು ರೇನ್‌ಬೋ ಟ್ರೌಟ್ ಸಿಕ್ಕಿತು, ನನಗೆ ನಾಲ್ಕು.

ಎರಡನೇ ದಿನ ನಾವೇ. ವುಲ್ಫ್ ಕ್ರೀಕ್ ಸೇತುವೆಯಿಂದ ಕ್ರೇಗ್. ರಾಫ್ಟ್‌ನಲ್ಲಿ ಗೆಳೆಯ ಹುಟ್ಟಿಗೆ, ಜೊತೆಗೆ ಅವನ ಹೆಂಡತಿ, ನನ್ನ ಹೆಂಡತಿ, ಮಗಳು. ಬಾಡಿಗೆ ಡ್ರಿಫ್ಟ್ ಬೋಟ್‌ನಲ್ಲಿ ನಾನು ಹುಟ್ಟಿಗೆ, ಮುಂದೆ ಅಪ್ಪ, ಹಿಂದೆ ಅಮ್ಮ. ಲಂಗರನ್ನು ದಡದಲ್ಲಿ ನಾಲ್ಕಲ್ಲ, ಹತ್ತು ಸಲ ಇಳಿಸಿ ನೋಡಿದೆ.

ಹುಟ್ಟುಗೋಲು ಅವರು ಹೇಳಿದ ಆ ಓರೆ ವಿಷಯ ನನಗೆ ತಲೆಯಲ್ಲಿ ಇತ್ತು, ಕೈಗೆ ಬರಲಿಲ್ಲ. ಒಂದು ನಡುಗಡ್ಡೆ ಹತ್ತಿರ ನೀರು ಎರಡಾಗಿ ಒಡೆಯುತ್ತದೆ. ನಮಗೆ ಬಲಗಡೆ ಹೋಗಬೇಕಿತ್ತು. ನಾನು ಎರಡೂ ಹುಟ್ಟು ಜೋರಾಗಿ ಎಳೆಯುತ್ತಿದ್ದೆ. ಬೋಟ್ ಪಕ್ಕಕ್ಕೆ ಸರಿಯದೆ ನಡುಗಡ್ಡೆಯ ಮೂತಿಗೇ ಹೋಗುತ್ತಿತ್ತು. ಅಪ್ಪ ತಿರುಗಿ ನೋಡಿ, ಕೂಗಲಿಲ್ಲ, ಮೆಲ್ಲಗೆ ಹೇಳಿದರು: "ಸೆಳವಿನ ಜೊತೆ ಗುದ್ದಾಡಬೇಡ ಮಗಾ. ಓರೆ ಮಾಡು, ಅದೇ ದಾಟಿಸುತ್ತೆ." ಬಲಗೈ ಹುಟ್ಟನ್ನು ಎರಡು ಸಲ ಒತ್ತಿದೆ. ಬೋಟ್ ತಿರುಗಿ ಮೂತಿ ನಡುಗಡ್ಡೆಗೆ ಎದುರಾಯಿತು. ಹಿಂದಕ್ಕೆ ಎಳೆದೆ. ನೀರು ಬೋಟ್‌ನ ಪಕ್ಕಕ್ಕೆ ಬಂದು ಒರಗಿದ್ದು ಕಾಲಿಗೇ ಗೊತ್ತಾಯಿತು. ಎಂಟು ಹತ್ತು ಎಳೆತಕ್ಕೆ ಬಲಗಡೆ ಸೆಳವಿನಲ್ಲಿ ಇದ್ದೆವು.

ಆಮೇಲೆ ಕೇಳಿದೆ, ನಿಮಗೆ ಹೇಗೆ ಗೊತ್ತು ಎಂದು. ಅವರ ಊರಿನ ಕಡವಿನಲ್ಲಿ ದೋಣಿ ದಾಟಿಸುವ ಅಂಬಿಗ ಮಳೆಗಾಲದಲ್ಲಿ ಹಾಗೇ ಮಾಡುತ್ತಿದ್ದನಂತೆ. ತುಂಗೆ ತುಂಬಿ ಬಂದಾಗ ನೇರವಾಗಿ ದಾಟಲು ಹೋಗುತ್ತಿರಲಿಲ್ಲ. ದಡದಲ್ಲಿ ದೋಣಿಯನ್ನು ಬಹಳ ಮೇಲಕ್ಕೆ ಎಳೆದುಕೊಂಡು ಹೋಗಿ, ಓರೆಯಾಗಿ ಹಿಡಿದು ಬಿಡುತ್ತಿದ್ದ. ಶಾಲೆಗೆ ಹೋಗುವ ಮಕ್ಕಳು ಅಂಚು ಹಿಡಿದು ಕೂರುತ್ತಿದ್ದರು. ಅಪ್ಪ ಆ ಮಕ್ಕಳಲ್ಲಿ ಒಬ್ಬರು. ಇಷ್ಟು ವರ್ಷದಲ್ಲಿ ಈ ವಿಷಯ ನನಗೆ ಒಂದು ಸಲವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುಂದೆ ನೀರು ನಿಧಾನವಾದ ಕಡೆ ಅಪ್ಪ ಹುಟ್ಟಿಗೆ ಕೂತರು. ಕೈ ಜಾಗ ಬದಲಿಸಿ ನೋಡಿದರು, ಒಂದೆರಡು ಸಲ ಹುಟ್ಟಿನ ಅಲಗು ಗಾಳಿಯಲ್ಲಿ ಹೋಯಿತು. ಆಮೇಲೆ ಅವರಿಗೆ ಹದ ಸಿಕ್ಕಿತು. ಅರ್ಧ ಗಂಟೆ ಯಾರಿಗೂ ಕೊಡಲಿಲ್ಲ. ನಾನು ಮುಂದಿನ ಕುರ್ಚಿಯಲ್ಲಿ ಕೋಲು ಹಿಡಿದುಕೊಂಡು ಕೂತಿದ್ದೆ, ಒಂದು ಸಲವೂ ಬೀಸಲಿಲ್ಲ.

ಮಗಳ ವಿಷಯ. ಹುಟ್ಟುಗೋಲು ಹೇಳಿಕೊಟ್ಟ ಹಾಗೇ ಎತ್ತಿ ಹಾಕಿದಳು. ಮೊದಲ ಮೀನು ತಪ್ಪಿತು, ಎರಡನೆಯದು ದಾರ ಹರಿಯಿತು. ಮೂರನೆಯದು ಬ್ರೌನ್ ಟ್ರೌಟ್, ಸುಮಾರು ಹದಿನಾಲ್ಕು ಇಂಚು. ಎರಡೂ ಬೋಟ್ ದಡಕ್ಕೆ ತಂದೆವು. ಗೆಳೆಯ ಬಲೆಯನ್ನು ನೀರಿನಲ್ಲೇ ಹಿಡಿದಿದ್ದ. ಹೊಟ್ಟೆ ಬೆಣ್ಣೆ ಬಣ್ಣ, ಪಕ್ಕದಲ್ಲಿ ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ತಿಳಿ ನೀಲಿ ಬಳೆ. ಮಗಳು ಕೈ ಒದ್ದೆ ಮಾಡಿಕೊಂಡು ಬೆರಳ ತುದಿಯಿಂದ ಮುಟ್ಟಿದಳು. ಅಮ್ಮ ಹತ್ತಿರ ಬಂದು ಬಗ್ಗಿ ನೋಡಿದರು. "ಸಾಕು ಪುಟ್ಟಿ, ಬಿಟ್ಟುಬಿಡು, ಬಾಯಿ ತೆರೀತಾ ಇದೆ" ಎಂದರು. ಬಿಟ್ಟಳು.

ಅಮ್ಮ ಮನಸ್ಸು ಬದಲಾಯಿಸಿದರು ಎಂದು ನಾನು ಬರೆಯುವುದಿಲ್ಲ. ಬದಲಾಗಿಲ್ಲ. ಊಟದ ಹೊತ್ತಿನಲ್ಲಿ ಕೇಳಿದರು, "ಒಬ್ಬೊಬ್ಬರಿಗೆ ಒಂದು ಸಾಕಲ್ವಾ?" ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಗೆಳೆಯನೇ ಮೊದಲು ಒಪ್ಪಿದ. ಊಟ ಆದ ಮೇಲೆ ಇನ್ನೂ ಮೀನು ಸಿಗದವರು ಮಾತ್ರ ಗಾಳ ಹಾಕಿದೆವು. ಉಳಿದವರು ಹಕ್ಕಿ ನೋಡಿದೆವು. ಬಿಳಿ ಪೆಲಿಕನ್‌ಗಳು ಸಾಲಾಗಿ ತಲೆ ಮೇಲೆಯೇ ಹೋದವು.

ತಪ್ಪೂ ಆಯಿತು. ಒಂದು ಗಂಟೆಗೆ ಮೇಲೆ ಬನ್ನಿ ಎಂದು ಹೇಳಿದ್ದಿರಿ. ಅಪ್ಪ ಹುಟ್ಟು ಹಾಕುತ್ತಿದ್ದದ್ದು ನೋಡುತ್ತಾ ನನಗೆ ಹೊತ್ತೇ ಗೊತ್ತಾಗಲಿಲ್ಲ. ಎರಡಕ್ಕೆ ಗಾಳಿ ಬಂತು. ಕೊನೆಯ ಒಂದು ಮೈಲಿ ಎದುರುಗಾಳಿ, ಬೋಟ್ ನಿಂತೇ ಹೋಯಿತು. ಬೆನ್ನು ತಿರುಗಿಸಿ ಕೂತು ದೂಡಿದೆ, ಎಳೆದೆ. ಅಂಗೈ ಬೊಕ್ಕೆ ಎದ್ದು ಒಡೆಯಿತು. ರಾಫ್ಟ್‌ನಲ್ಲಿ ಮಗಳಿಗೆ ಚಳಿ, ಅತ್ತಳು. ಕ್ರೇಗ್ ಮುಟ್ಟಿದಾಗ ಮೂರೂವರೆ. ಮುಂದಿನ ಸಲ ಹೋಗುವವರು ನನ್ನ ಹಾಗೆ ಮಾಡಬೇಡಿ. ಬೆಚ್ಚನೆಯ ಸ್ವೆಟರ್ ಒಂದು, ನೀರು ಹೋಗದ ಚೀಲದಲ್ಲಿ, ಬೇಸಿಗೆಯಲ್ಲೂ ಇರಲಿ.

ಬರುವಾಗ ತ್ರೀ ಫೋರ್ಕ್ಸ್ ಹತ್ತಿರ ನಿಂತೆವು. ಜೆಫರ್‌ಸನ್, ಮ್ಯಾಡಿಸನ್, ಗ್ಯಾಲಟಿನ್, ಮೂರು ನದಿ ಸೇರಿ ಮಿಸೌರಿ ಆಗುವ ಜಾಗ. ಅಪ್ಪ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. "ನಮ್ಮ ಕೂಡಲಿಯ ಹಾಗೇ ಇದೆ, ದೇವಸ್ಥಾನ ಒಂದಿಲ್ಲ" ಎಂದರು.

ಮಲೆನಾಡ ಹುಡುಗಿ · ಜುಲೈ 27

ಓದಿ ಕಣ್ಣು ತುಂಬಿ ಬಂತು. ನಮ್ಮ ಅಜ್ಜನ ಊರಿನಲ್ಲೂ ಕಡವು ಇತ್ತು. ಕಾರ್ ಹೇಗೆ ಕ್ರೇಗ್‌ಗೆ ಬಂತು, ಶಟಲ್ ಹಿಡಿದಿರಾ? ಅಮ್ಮ ನೀರು ಕುಡಿದರು ತಾನೇ?

ತುಂಗಾತೀರ · ಜುಲೈ 28

ಹೌದು, ಕ್ರೇಗ್‌ನಲ್ಲಿ ಶಟಲ್‌ನವರಿಗೆ ಹಿಂದಿನ ದಿನವೇ ಹೇಳಿದ್ದೆ. ನಾವು ನೀರಿಗೆ ಇಳಿದ ಮೇಲೆ ಅವರೇ ಬಂದು ಕಾರ್, ಟ್ರೇಲರ್ ಎರಡನ್ನೂ ಕೆಳಗಿನ ಜಾಗಕ್ಕೆ ತಂದು ನಿಲ್ಲಿಸಿದ್ದರು. ಕೀಲಿ ಎಲ್ಲಿ ಇಟ್ಟಿರುತ್ತೇನೆ ಎಂದು ಮೊದಲೇ ಹೇಳಬೇಕು, ಅಷ್ಟೇ. ಅಮ್ಮ ನೀರು ಕುಡಿದರು, ನಿಮ್ಮ ಮಾತು ಓದಿ ಹೇಳಿದ್ದೆ.

ನೇರಳೆ ಮರ · ಜುಲೈ 28

ಬದಲಾಗಿಲ್ಲ ಎಂದು ಬರೆದದ್ದು ನನಗೆ ಇಷ್ಟವಾಯಿತು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಆ ಮೀನಿಗೆ ಅವರು ಏನಾದರೂ ಹಾಕಿದರಾ?

ತುಂಗಾತೀರ · ಜುಲೈ 28

ಹಾಕಲು ತಂದಿದ್ದರು. ಸಿಯಾಟಲ್‌ನ ಇಂಡಿಯನ್ ಅಂಗಡಿಯಿಂದ ಒಂದು ದೊಡ್ಡ ಪೊಟ್ಟಣ ಮಂಡಕ್ಕಿ, ನಮಗೆ ಹೇಳದೆ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಇಲ್ಲಿ ನದಿಗೆ ಹಾಗೆ ಹಾಕಬಾರದು ಅಮ್ಮ, ಈ ಮೀನಿಗೆ ಹುಳುವೇ ಊಟ ಎಂದೆ. ಏನೂ ಅನ್ನಲಿಲ್ಲ. ರಾತ್ರಿ ಕ್ಯಾಬಿನ್‌ನಲ್ಲಿ ಈರುಳ್ಳಿ, ಟೊಮೆಟೊ ಹೆಚ್ಚಿ, ಖಾರದಪುಡಿ, ತೆಂಗಿನೆಣ್ಣೆ ಹಾಕಿ ಕಲಸಿದರು. ಏಳೂ ಜನ ಮೆಟ್ಟಿಲ ಮೇಲೆ ಕೂತು ತಿಂದೆವು. ಒಡೆದ ಅಂಗೈಗೆ ಖಾರ ತಾಗಿ ಉರಿಯುತ್ತಿತ್ತು ಎಂದು ನನಗೆ ಮಗಳೇ ತಿನ್ನಿಸಿದಳು.